ಕರ್ಮಣಿ ಪ್ರಯೋಗ

ಶಿಡ್ಲಘಟ್ಟದ ಬಸ್ಸು ತಡವಾದರೆ
ಮೊದಲ ಪೀರಿಯಡ್ಡಿಗೆ ಆರೇಳು ಜನ.
ಇವತ್ತು ಹನ್ನೊಂದು. ಫ್ಯಾನು ಒಂದೇ,
ಅದಕ್ಕೂ ಗೊಣಗುವ ಚಟ.
ಬೋರ್ಡಿನ ಮೇಲೆ ಬರೆದೆ: ‘ನಾನು’ ಬೇಡ.
ಪ್ರಬಂಧದಲ್ಲಿ ನೀವು ಕಾಣಿಸಬಾರದು, ಅಂದೆ.
ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ;
ಉಳಿದ ಪಾಠಗಳೆಲ್ಲ ಕಿಲುಬು ಹಿಡಿದಿವೆ,
ಇದೊಂದು ಮಾತು ಮಾತ್ರ ಹೊಳೆಯುತ್ತದೆ
ದಿನಾ ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬಿನ ಹಾಗೆ.

ಇಟ್ ವಾಸ್ ಅಬ್ಸರ್ವ್ಡ್ ದಟ್.
ಹಿಂದಿನ ಬೆಂಚಿನ ಚೌಡಪ್ಪ ಎದ್ದ:
“ಕನ್ನಡದಾಗೆ ಹೆಂಗೆ ಸಾ?”
ಗಮನಿಸಲ್ಪಟ್ಟಿತು, ಅಂದೆ.
ಇಡೀ ಕ್ಲಾಸು ನಕ್ಕಿತು. ನಾನೂ.
ನಮ್ಮ ಯಾರ ಮನೆಯಲ್ಲೂ
ಮುದ್ದೆ ಇನ್ನೂ ಉಣ್ಣಲ್ಪಟ್ಟಿಲ್ಲ,
ಟ್ಯಾಂಕರಿನ ಹತ್ತಿರ ಜಗಳ ಆಡಲ್ಪಟ್ಟಿಲ್ಲ.
ಹೆಸರು ಹಿಡಿದೇ ಬೈಯುವ ಸೀಮೆ ಇದು,
ಕನ್ನಡ ಸಾಲದಿದ್ದರೆ ತೆಲುಗಿನಲ್ಲಿ.

ಕಿಟಕಿಯಾಚೆ ಅರ್ಧ ಗುಡ್ಡ.
ಇನ್ನರ್ಧ ಕಡಿಯಲಾಗಿದೆ.
ಯಾರು ಎಂದು
ಯಾವ ಬೋರ್ಡಿನಲ್ಲೂ ಇಲ್ಲ.

ಸಬೀಹಾ ತಾಜಳ ಕರಡು ಮೇಜಿನ ಮೇಲೆ.
ವಿಷಯ: ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಹೆಂಗಸರ ಕೂಲಿ.
ಮನೆಯಲ್ಲಿ ದಖನಿ, ಬೀದಿಯಲ್ಲಿ ತೆಲುಗು,
ಶಾಲೆಗೆ ಕನ್ನಡ, ಈಗ ಈ ಇಂಗ್ಲಿಷು.
ನಾಲ್ಕನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು
ಒಳಗೆ ಬರಲೋ ಎಂದು ನಿಂತಂತೆ ಅವಳ ವಾಕ್ಯ.
ಮೂರನೇ ಪುಟದಲ್ಲಿ ಮಾತ್ರ ಕೇಳದೇ ಒಳಗೆ ಬಂದಿದ್ದಳು:
ಅಮ್ಮಿ ಬಿಸಿನೀರಿಗೆ ಕೈ ಹಾಕುತ್ತಾಳೆ.
ಎಳೆಯ ತುದಿ ಅವಳ ಬೆರಳಿಗೆ ಗೊತ್ತು.
ರಾತ್ರಿ ಅವಳು ಚಮಚದಲ್ಲಿ ಉಣ್ಣುತ್ತಾಳೆ.

ಕೆಂಪು ಪೆನ್ನು ತಾನಾಗಿ ನಡೆಯಿತು.
ಗೂಡುಗಳು ಬೇಯಿಸಲ್ಪಡುತ್ತವೆ.
ಎಳೆಯ ತುದಿ ಗುರುತಿಸಲ್ಪಡುತ್ತದೆ.
ಚಮಚ ಹೊಡೆದುಹಾಕಿ ಬದಿಯಲ್ಲಿ ಬರೆದೆ: ಆಧಾರವಿಲ್ಲ.
ನೀರು ಉಳಿಯಿತು, ಗೂಡು ಉಳಿಯಿತು.
ಕೈ ಹೋಯಿತು.

ಊಟದ ಹೊತ್ತಿಗೆ ಬಂದಳು, ಡಬ್ಬಿ ಬಿಚ್ಚದೆ.
“ಸಾರ್, ಅಮ್ಮೀನ ಉಲ್ಲೇಖದ ಪಟ್ಟಿಗೆ ಹಾಕಬಹುದಾ?”
ಹಾಕಬಹುದು. ಮನೆತನದ ಹೆಸರು, ಕಾಮಾ,
ಇನಿಷಿಯಲ್ಲು, ಇಸವಿ.
“ಮನೆತನದ ಹೆಸರಿಲ್ಲ ಸಾರ್. ರೇಷನ್ ಕಾರ್ಡಲ್ಲಿ ಒಂದು ಹೆಸರು,
ಆಧಾರಲ್ಲಿ ಇನ್ನೊಂದು.
ಇಸವಿ ಗೊತ್ತಿಲ್ಲ, ಕೆರೆ ಕೋಡಿ ಹೋದ ವರ್ಷ ಹುಟ್ಟಿದ್ದಂತೆ.”
ಹುಟ್ಟಿದ್ದಲ್ಲಮ್ಮ, ಹೇಳಿದ ಇಸವಿ.
“ದಿನಾ ಹೇಳ್ತಾರೆ ಸಾರ್.”

ಮಾತು ಮರೆಸಲು ಉಪಮೆ ಹುಡುಕಿದೆ.
ನೋಡು, ಪ್ಯಾರಾ ಅಂದರೆ ನಿಮ್ಮ ಗೂಡಿದ್ದ ಹಾಗೆ:
ತುದಿ ಹಿಡಿದು ಎಳೆದರೆ ಕೊನೆತನಕ ಒಂದೇ ಎಳೆ.
ಅವಳು ತಲೆ ತಗ್ಗಿಸಿಯೇ ತಿದ್ದಿದಳು:
“ಒಂದೆಳೆ ನಿಲ್ಲಲ್ಲ ಸಾರ್, ಕಿತ್ಹೋಗುತ್ತೆ.
ಎಂಟು ಹತ್ತು ಗೂಡು ಸೇರಿಸಿದ್ರೆ ಒಂದು ನೂಲು.
ಆಮೇಲೆ ಯಾವುದು ಯಾವ ಗೂಡಿಂದು ಅಂತ ಯಾರಿಗೂ ಗೊತ್ತಾಗಲ್ಲ.”
ಸ್ವಲ್ಪ ತಡೆದು,
“ನೀವು ಕೃತಿಚೌರ್ಯ ಅಂದಿದ್ದು ಇದನ್ನೇನಾ ಸಾರ್?”

ನನ್ನ ಪಿಎಚ್‌ಡಿ ಕಪಾಟಿನಲ್ಲಿದೆ, ಮೆರೂನ್ ರೆಕ್ಸಿನ್ನು,
ಇನ್ನೂರ ಹದಿನಾಲ್ಕು ಪುಟ. ಹುಡುಕಿದರೂ ಅದರಲ್ಲಿ ನಾನಿಲ್ಲ.
ಮಾಹಿತಿದಾರ ಏಳು ಇದ್ದಾರೆ.
ಗುಡಿಬಂಡೆಯ ಆ ಹೆಂಗಸು ನನಗೆ ಮಜ್ಜಿಗೆ ಕೊಟ್ಟಿದ್ದಳು,
ಅದಕ್ಕೆ ಕೊತ್ತಂಬರಿ ಸೊಪ್ಪು ಹಾಕಿದ್ದಳು.
ಹೆಸರು
ಈಗ ನೆನಪಿಲ್ಲ.

ಜೂನಿನಲ್ಲಿ ಹೊರಗಿನ ಪರೀಕ್ಷಕರು ಬರುತ್ತಾರೆ.
ಕನ್ನಡಕ ಇಳಿಸಿ ಕೇಳುತ್ತಾರೆ, ಈ ಚಮಚ ಯಾಕೆ?
ಉತ್ತರ ನನ್ನಲ್ಲಿಲ್ಲ.
ಆದರೂ ಹೊಡೆದುಹಾಕಿದ ಸಾಲಿನ ಕೆಳಗೆ
ಚುಕ್ಕಿ ಇಟ್ಟುಕೊಂಡು ಹೋದೆ, ಒಂದೊಂದಾಗಿ.
ಬದಿಯಲ್ಲಿ ‘ಇರಲಿ’ ಎಂದು ಬರೆಯಲ್ಪಟ್ಟಿತು.
ಅಲ್ಲ.
ಬರೆದೆ.

ಚಮಚದ ಮುಂದೆ ‘ಎ’ ಬರಬೇಕೋ ‘ದಿ’ ಬರಬೇಕೋ
ನಾಳೆ ನೋಡೋಣ, ಅಂದೆ.
ಮೊದಲು ಡಬ್ಬಿ ಬಿಚ್ಚು.